ಹಳೆಯ ಜೀಪಿಗೆ ಯಾವ ಬಣ್ಣ?



ಹಳೆಯ ಜೀಪೊಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಎಂಜಿನ್ನಿನ ಪ್ರಶ್ನೆ, ಬ್ರೇಕಿನ ಪ್ರಶ್ನೆ, ಗೇರ್‌ಬಾಕ್ಸಿನ ಪ್ರಶ್ನೆ ಒಂದೊಂದಾಗಿ ಎದುರಾಗುತ್ತವೆ, ಒಂದೊಂದಾಗಿ ಬಗೆಹರಿಯುತ್ತವೆ. ಪಿಸ್ಟನ್ ಸವೆದಿದ್ದರೆ ಬದಲಾಯಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊನೆಗೆ ಉಳಿಯುವುದು ಬಣ್ಣ. ಅಲ್ಲಿ ಮಾತ್ರ ಮನೆಮಂದಿಗೆಲ್ಲ ಒಂದೊಂದು ಅಭಿಪ್ರಾಯ. ಮಗನಿಗೆ ಮಿಲಿಟರಿ ಹಸಿರು ಆಗಬೇಕು. ಅಪ್ಪನಿಗೆ ಬಿಳಿ ಸಾಕು. ನೆರೆಮನೆಯವರು ಪೇಟೆಯಲ್ಲಿ ಕಂಡ ಹೊಸ ಗಾಡಿಯ ಹೊಳೆಯುವ ಕೆಂಪನ್ನು ಹೊಗಳುತ್ತಾರೆ. ಪೇಂಟಿನ ಅಂಗಡಿಯ ಶೇಡ್ ಕಾರ್ಡ್ ಬಿಡಿಸಿದರೆ ನೂರಾರು ಚೌಕ ಕಣ್ಣ ಮುಂದೆ. ಈ ಗೊಂದಲದಲ್ಲಿ ಯಾರೂ ಜೀಪಿನ ಹತ್ತಿರ ಹೋಗಿ ನೋಡುವುದಿಲ್ಲ. ಉತ್ತರ ಅಲ್ಲೇ ಇರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆ ವಾಹನ ತನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಹೊತ್ತಿದ್ದ ಬಣ್ಣವನ್ನೇ ಅದಕ್ಕೆ ಕೊಡಬೇಕು. ಈ ಹೊತ್ತು ನಾನು ನಿಮ್ಮಲ್ಲಿ ಹೇಳಬೇಕೆಂದು ಬಂದದ್ದು ಇಷ್ಟೇ. ಯಾಕೆ, ಹೇಗೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಒಳ ಊರುಗಳಿಗೆ ಜೀಪು ಅಂದರೆ ಬರಿಯ ವಾಹನವಲ್ಲ. ಕೊಲ್ಲಮೊಗ್ರ, ಹರಿಹರ ಪಲ್ಲತಡ್ಕ, ಮಂಡೆಕೋಲು, ಬಿಳಿನೆಲೆ, ಕೊಂಬಾರು, ಪಾಣಾಜೆ ಮೊದಲಾದ ಕಡೆ ಬಸ್ಸು ಬಾರದ ದಿನಗಳಲ್ಲಿ ಸರ್ವೀಸ್ ಜೀಪೇ ಬಸ್ಸು. ಹೆರಿಗೆ ನೋವು ಕಾಣಿಸಿದವರನ್ನು ಆಸ್ಪತ್ರೆಗೆ ತಲುಪಿಸಿದ್ದೂ ಅದೇ, ಮದುವೆಯ ದಿಬ್ಬಣ ಹೊತ್ತದ್ದೂ ಅದೇ. ಅಡಿಕೆ ಮೂಟೆ, ರಬ್ಬರ್ ಶೀಟು, ಮೈಲುತುತ್ತಿನ ಚೀಲ, ಶಾಲೆಯ ಮಕ್ಕಳು, ಷಷ್ಠಿಯ ಸಮಯದಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟ ಭಕ್ತರು, ಎಲ್ಲರಿಗೂ ಎಲ್ಲದಕ್ಕೂ ಅದರಲ್ಲಿ ಜಾಗ ಇತ್ತು. ಹಾಗೆ ದುಡಿದ ಜೀಪುಗಳು ಈಗ ಎಷ್ಟೋ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ, ಹರಿದ ಟರ್ಪಾಲಿನ ಅಡಿಯಲ್ಲಿ ನಿಂತಿವೆ. ಅವನ್ನು ಗುಜರಿಗೆ ಕೊಡದೆ ಎಬ್ಬಿಸಬೇಕು ಎಂಬ ಹುಮ್ಮಸ್ಸು ಇತ್ತೀಚೆಗೆ ನಮ್ಮ ಯುವಕರಲ್ಲಿ ಕಾಣುತ್ತಿದೆ. ಇದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಆ ಹುಮ್ಮಸ್ಸು ಬಣ್ಣದ ಹಂತಕ್ಕೆ ಬಂದಾಗ ದಾರಿ ತಪ್ಪಬಾರದು ಎಂಬ ಕಳಕಳಿಯಿಂದ ಮಾತಾಡುತ್ತಿದ್ದೇನೆ.

ಮೊದಲು ಮಿಲಿಟರಿ ಹಸಿರಿನ ವಿಷಯ ಮುಗಿಸೋಣ. ಹೆಚ್ಚಿನವರ ಮನಸ್ಸು ಓಡುವುದು ಅಲ್ಲಿಗೇ. ಕಾರಣ ಇಲ್ಲದೆ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಲಕ್ಷಗಟ್ಟಲೆ ಜೀಪು ಮಾಡಿದವು. ಅವುಗಳ ಬಣ್ಣ ಹೊಳಪಿಲ್ಲದ ಆಲಿವ್ ಹಸಿರು. ಬಿಸಿಲು ಬಿದ್ದರೂ ಮಿಂಚದೆ ಮರಗಿಡಗಳ ನಡುವೆ ಕರಗಿಹೋಗಲಿ ಎಂದೇ ಆ ಬಣ್ಣ. ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳನ್ನು ಮಾರಿದರು. ನಮ್ಮ ಹಿರಿಯರು ಅವನ್ನು ಡಿಸ್ಪೋಸಲ್ ಜೀಪು ಎಂದು ಕರೆಯುತ್ತಿದ್ದರು. ಎಸ್ಟೇಟುಗಳಿಗೆ, ಮರದ ಕಂಟ್ರಾಕ್ಟುದಾರರಿಗೆ ಅವು ಬಂದವು. ಜೀಪೆಂದರೆ ಹಸಿರು ಎಂಬ ಚಿತ್ರ ಮನಸ್ಸಿನಲ್ಲಿ ಕೂತದ್ದು ಹಾಗೆ. ಸಿನಿಮಾಗಳು ಅದನ್ನು ಗಟ್ಟಿ ಮಾಡಿದವು.

ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಇದರಲ್ಲಿ 121ನೇ ನಿಯಮ ಸ್ಪಷ್ಟವಾಗಿದೆ. ರಕ್ಷಣಾ ಇಲಾಖೆಗೆ ಸೇರಿದ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ನಾಗರಿಕರ ವಾಹನವನ್ನು ಸೈನ್ಯದ ವಾಹನ ಎಂದು ಯಾರೂ ತಪ್ಪು ತಿಳಿಯಬಾರದು, ಆ ವೇಷದಲ್ಲಿ ಯಾರೂ ದುರುಪಯೋಗ ಮಾಡಬಾರದು ಎಂಬ ವಿವೇಕ ಅದರ ಹಿಂದೆ ಇದೆ. ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆದು, ಸುಳ್ಳು ಸೇನಾ ನಂಬರು ಬರೆದು ಅಲಂಕರಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಕಾನೂನಿನ ಮಾತು ಒಂದು ಕಡೆ ಇರಲಿ. ಜೀಪಿನ ಇತಿಹಾಸವೇ ಇದಕ್ಕಿಂತ ಚೆಂದದ ದಾರಿ ತೋರಿಸುತ್ತದೆ. 1945ರಲ್ಲಿ ವಿಲ್ಲಿಸ್ ಕಂಪನಿ ಜನಸಾಮಾನ್ಯರಿಗಾಗಿ ಮೊದಲ ಜೀಪು ಮಾರುಕಟ್ಟೆಗೆ ತಂದಿತು. ಸಿಜೆ 2ಎ ಎಂದು ಅದರ ಹೆಸರು. ಅದನ್ನು ಕೊಳ್ಳಬೇಕಾದವರು ರೈತರು. ನೇಗಿಲು ಎಳೆಯಲು, ಯಂತ್ರ ತಿರುಗಿಸಲು, ಸಂತೆಗೆ ಹೋಗಲು ಒಂದೇ ಗಾಡಿ ಎಂದು ಪ್ರಚಾರ ಮಾಡಿದರು. ಆಗ ಕಂಪನಿ ಸೈನ್ಯದ ಬಣ್ಣವನ್ನು ಕೈಬಿಟ್ಟಿತು. ಆರಂಭದ ಗಾಡಿಗಳು ಎರಡು ಬಗೆಯಲ್ಲಿ ಬಂದವು. ಒಂದು ಹುಲ್ಲುಗಾವಲಿನ ಹಸಿರು ಬಾಡಿ, ಚಕ್ರದ ರಿಮ್ಮು ಹಳದಿ. ಇನ್ನೊಂದು ಕೊಯ್ಲಿನ ಹೊತ್ತಿನ ಪೈರಿನ ಕಂದು ಬಾಡಿ, ರಿಮ್ಮು ಕೆಂಪು. ಯುದ್ಧದಿಂದ ಹೊಲಕ್ಕೆ ಬಂದ ಗಾಡಿ ಮೊದಲು ಮಾಡಿದ ಕೆಲಸ ಬಣ್ಣ ಬದಲಿಸಿದ್ದು. ನಮ್ಮ ತೋಟಗಳಲ್ಲಿ ದುಡಿದ ಹೆಚ್ಚಿನ ಜೀಪುಗಳು ಈ ಸಾಲಿನವು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಿ ಮಾರಲು ತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಹುಟ್ಟಿ 1968ರಲ್ಲಿ ನಿಂತುಹೋದ ಸಿಜೆ 3ಬಿ, ನಾವು ಹೈ ಬಾನೆಟ್ ಎನ್ನುವ ಮಾದರಿ, ಭಾರತದಲ್ಲಿ ಆಮೇಲೂ ದಶಕಗಳ ಕಾಲ ತಯಾರಾಯಿತು. ಎತ್ತರದ ಎಂಜಿನ್ ಒಳಗೆ ಹಿಡಿಸಲೆಂದು ಬಾನೆಟ್ಟನ್ನು ಮೇಲಕ್ಕೆತ್ತಿದ ಮಾದರಿ ಅದು. ರೈತನ ಜೀಪನ್ನು ಸೈನಿಕನ ಹಾಗೆ ಸಿಂಗರಿಸಿದರೆ ಅದು ಇಷ್ಟು ವರ್ಷ ಗೇಯ್ದ ಗೇಯ್ಮೆಗೆ ಅವಮಾನ ಎಂದೇ ನನಗೆ ಅನ್ನಿಸುತ್ತದೆ.

ಹಾಗಾದರೆ ನಿಮ್ಮ ಜೀಪಿನ ಸ್ವಂತ ಬಣ್ಣ ಯಾವುದಾಗಿತ್ತು? ಅದನ್ನು ಹುಡುಕುವ ಕೆಲಸ ಸಣ್ಣ ಉತ್ಖನನದಂತೆ ತಾಳ್ಮೆ ಕೇಳುತ್ತದೆ. ಮೇಲೆ ಕಾಣುವ ಬಣ್ಣ ಸಾಕ್ಷಿಯಲ್ಲ. ಜೀಪು ಕೈಬದಲಾದಾಗ, ಮನೆಯಲ್ಲಿ ಮದುವೆ ಬಂದಾಗ, ಎಫ್‌ಸಿಗೆ ಒಯ್ಯುವಾಗ ಮೇಲಿಂದ ಮೇಲೆ ಬಣ್ಣ ಬಿದ್ದಿರುತ್ತದೆ. ಸಾಕ್ಷಿ ಇರುವುದು ಮರುಬಣ್ಣ ಹೊಡೆಯುವವನ ಗನ್ನು ತಲುಪದ ಜಾಗಗಳಲ್ಲಿ. ಡ್ಯಾಶ್‌ಬೋರ್ಡಿನ ಹಿಂಭಾಗ, ಮೀಟರ್ ಕಳಚಿದಾಗ ಕಾಣುವ ವೃತ್ತ, ಕಂಪನಿಯ ಹೆಸರಿನ ತಗಡಿನ ಫಲಕದ ಅಡಿ, ಕನ್ನಡಿಯ ಫ್ರೇಮ್ ಬಾಡಿಗೆ ಕೂರುವ ಸಂದು, ಸೀಟಿನ ಅಡಿಯ ಪೆಟ್ಟಿಗೆ, ಬಾನೆಟ್ಟಿನ ಹಿಂಜಿನ ಒಳಬದಿ. ಕಾರಾದರೆ ಬಾಗಿಲಿನ ಒಳಹೊದಿಕೆಯ ಹಿಂದೆ, ಡಿಕ್ಕಿಯ ರಬ್ಬರಿನ ಅಡಿ, ಸ್ಟೆಪ್ನಿ ಇಡುವ ಗುಂಡಿ. ಇಲ್ಲೆಲ್ಲ ಬಿಸಿಲೂ ತಾಗಿರುವುದಿಲ್ಲ, ಮಳೆಯೂ ತಾಗಿರುವುದಿಲ್ಲ. ಕಾರ್ಖಾನೆಯಿಂದ ಹೊರಟ ದಿನ ಇದ್ದ ಹಾಗೆಯೇ ಬಣ್ಣ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಹೊರಮೈಯಲ್ಲಿ. ಪುಟ್ಟಿ ಹಾಕದ ಸಮತಟ್ಟಾದ ಜಾಗ ಆರಿಸಿ, ನೀರು ಹಾಕಿ, 400ರ ವಾಟರ್ ಪೇಪರಿನಿಂದ ನಾಣ್ಯದಷ್ಟು ಅಗಲಕ್ಕೆ ಕಬ್ಬಿಣ ಕಾಣುವ ತನಕ ಉಜ್ಜಿ. ಆಮೇಲೆ 1000ದ ಪೇಪರಿನಿಂದ ಸುತ್ತಲೂ ಇಳಿಜಾರಾಗುವಂತೆ ಮೆಲ್ಲನೆ ಉಜ್ಜುತ್ತ ಬನ್ನಿ. ಒಂದರ ಸುತ್ತ ಒಂದರಂತೆ ಬಣ್ಣದ ಬಳೆಗಳು ಮೂಡುತ್ತವೆ. ನಡುವೆ ಕಬ್ಬಿಣ, ಅದರ ಸುತ್ತ ಪ್ರೈಮರ್, ಆಮೇಲೆ ಮೊದಲ ಬಣ್ಣ, ಎರಡನೆಯದು, ಮೂರನೆಯದು. ನೀರು ಹಾಕದೆ ಒಣಗಿದಂತೆಯೇ ಉಜ್ಜಬೇಡಿ. ಹಳೆಯ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುವ ಸಂಭವ ಬಹಳ. ಆ ಧೂಳು ಮಕ್ಕಳಿರುವ ಮನೆಯಂಗಳದಲ್ಲಿ ಹಾರಬಾರದು.

ನಮ್ಮ ಮನೆಯ ಜೀಪಿನಲ್ಲಿ ಹೀಗೆ ಉಜ್ಜಿದಾಗ ಹೊರಗಿನ ಬಿಳಿಯ ಕೆಳಗೆ ಕೆಂಪು, ಅದರ ಕೆಳಗೆ ನೀಲಿ, ತಳದಲ್ಲಿ ತಿಳಿ ಬೂದು ಕಂಡಿತು. ದೊಡ್ಡಪ್ಪನಿಗೆ ನೆನಪಿದ್ದದ್ದು ಒಂದೇ. "ನೀಲಿ ಮಾರಾಯ, ಒಳ್ಳೆ ನೀಲಿ. ಬೇರೆ ಬಣ್ಣದ ಜೀಪು ನಾನು ತರಲೇ ಇಲ್ಲ" ಎಂದರು. ತಮ್ಮಂದಿರಿಗೆ ಅನುಮಾನ, ಬೂದು ಅಂದರೆ ಬರಿಯ ಸರ್ಫೇಸರ್ ಇರಬಹುದಲ್ಲ ಎಂದು. ಅದು ಸರಿಯಾದ ಅನುಮಾನವೇ. ಬಣ್ಣದ ಅಡಿಗೆ ಹೊಡೆಯುವ ಸರ್ಫೇಸರೂ ಬೂದಾಗಿಯೇ ಇರುತ್ತದೆ. ವ್ಯತ್ಯಾಸ ತಿಳಿಯಲು ಉಪಾಯ ಇದೆ. ಸರ್ಫೇಸರಿಗೆ ಹೊಳಪಿಲ್ಲ, ಬೆರಳಿಗೆ ಸುಣ್ಣದ ಪುಡಿಯಂತೆ ಹತ್ತುತ್ತದೆ. ಬಣ್ಣವಾದರೆ ಡ್ಯಾಶ್‌ಬೋರ್ಡಿನ ಹಿಂದೆಯೂ ಇರಬೇಕು, ರಬ್ಬಿಂಗ್ ಕಾಂಪೌಂಡ್ ತಾಗಿಸಿದರೆ ಹೊಳೆಯಬೇಕು. ಮೀಟರ್ ಕಳಚಿ ನೋಡಿದೆವು. ಅದೇ ಬೂದು ಹೊಳಪು ಸಹಿತ ಇತ್ತು. ಅಂದರೆ ಕಂಪನಿಯಿಂದ ಬಂದದ್ದು ಬೂದು. ದೊಡ್ಡಪ್ಪನಿಗೆ ಅದನ್ನು ಮಾರಿದ ಎಸ್ಟೇಟಿನವರು ಮೊದಲೇ ನೀಲಿ ಹೊಡೆಸಿದ್ದರು, ದೊಡ್ಡಪ್ಪ ಕೊಂಡದ್ದು ನೀಲಿ ಜೀಪನ್ನೇ. ಅವರ ನೆನಪೂ ಸರಿ, ತಗಡಿನ ಸಾಕ್ಷಿಯೂ ಸರಿ.

ಇಂಥ ಸಂದರ್ಭದಲ್ಲಿ ಯಾವುದನ್ನು ಆರಿಸಬೇಕು? ಹಳೆಯ ವಾಹನ ಪ್ರಿಯರ ಬಹುಮತ ಕಾರ್ಖಾನೆಯ ಬಣ್ಣದ ಕಡೆಗಿದೆ. ಮ್ಯೂಸಿಯಮ್ಮಿಗೆ, ಸ್ಪರ್ಧೆಗೆ, ಮಾರಾಟಕ್ಕೆ ಅದೇ ಸರಿ ಎಂದು ನಾನೂ ಒಪ್ಪುತ್ತೇನೆ. 1966ರಲ್ಲಿ ಸ್ಥಾಪನೆಯಾದ ಫೀವಾ ಎಂಬ ಅಂತರರಾಷ್ಟ್ರೀಯ ಹಳೆವಾಹನ ಒಕ್ಕೂಟ ಟ್ಯೂರಿನ್ ಸನ್ನದು ಎಂಬ ಮಾರ್ಗಸೂಚಿ ಹೊರಡಿಸಿದೆ. ಅದು ಹಳೆಯ ವಾಹನವನ್ನು ಚರಿತ್ರೆಯ ದಾಖಲೆಯಾಗಿ ಕಾಣುತ್ತದೆ. ಅದು ಬಾಳಿದ ಬಾಳಿನ ಗುರುತುಗಳಿಗೂ ಬೆಲೆ ಇದೆ, ಅವನ್ನೆಲ್ಲ ಅಳಿಸಿ ಶೋರೂಮಿನ ಗಾಡಿಯಂತೆ ಮಾಡುವುದೇ ಗುರಿಯಾಗಬಾರದು ಎಂಬುದು ಅದರ ಆಶಯ. ಮನೆಯಲ್ಲಿ ಉಳಿಯುವ ಜೀಪಿಗೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬೂದು ಬಣ್ಣದಲ್ಲಿ ಅದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ನೀಲಿಯಾಗಿದ್ದಾಗ ಅದು ಊರಿನ ಜನರನ್ನು ಹೊತ್ತಿತು. ನಾವು ನೀಲಿಯನ್ನೇ ಆರಿಸಿದೆವು. ಶೇಡ್ ಕಾರ್ಡಿನ ನೀಲಿಯಲ್ಲ, ಉಜ್ಜಿದಾಗ ಕೆಂಪಿನ ಕೆಳಗೆ ಕಂಡ ನೀಲಿ. ಬಣ್ಣ ಒಂದು ಕಾಲದ್ದು ಎಂದಾದ ಮೇಲೆ ಉಳಿದದ್ದೂ ಆ ಕಾಲದ್ದೇ ಆಗಬೇಕು. ಆ ವರ್ಷಗಳ ಒಂದು ಮದುವೆಯ ಕಪ್ಪುಬಿಳುಪು ಫೋಟೋದಲ್ಲಿ ರಿಮ್ಮುಗಳು ಬಾಡಿಗಿಂತ ತೆಳುವಾಗಿ, ಟಾಪು ಕಪ್ಪಾಗಿ ಕಂಡವು. ರಿಮ್ಮಿಗೆ ಬಿಳಿ, ಟಾಪಿಗೆ ಕಪ್ಪು ಕ್ಯಾನ್ವಾಸು ಎಂದು ನಿರ್ಧರಿಸಲು ಅಷ್ಟು ಸಾಕಾಯಿತು. ಕಪ್ಪುಬಿಳುಪು ಚಿತ್ರದಲ್ಲಿ ಕೆಂಪೂ ಕಡು ಹಸಿರೂ ಒಂದೇ ತರಹ ಕಾಣಬಹುದು, ಆದ್ದರಿಂದ ಬಣ್ಣ ತಿಳಿಯಲು ಅದನ್ನೇ ನಂಬಬೇಡಿ. ಯಾವುದು ಗಾಢ, ಯಾವುದು ತೆಳು ಎಂಬುದಕ್ಕೆ ಮಾತ್ರ ಅದು ಒಳ್ಳೆಯ ಸಾಕ್ಷಿ.

ಈಗ ನಮ್ಮ ನೆಲ, ನಮ್ಮ ಮಳೆ. ಯಾವ ಬಣ್ಣ ಎಂದು ಕೇಳುವಾಗ ಇವೆರಡನ್ನೂ ಕೇಳಬೇಕು. ನಮ್ಮ ಕೆಂಪು ಮಣ್ಣು, ಮುರಕಲ್ಲು, ಇವುಗಳ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಗ್ಯಾರೇಜಿನ ರೆಡ್ ಆಕ್ಸೈಡ್ ಪ್ರೈಮರಿನಲ್ಲಿ ಇರುವುದೂ ಅದೇ ವಸ್ತು. ಬೇಸಿಗೆಯ ಧೂಳು, ಮಳೆಗಾಲದ ರಾಡಿ ಎರಡೂ ಜೀಪಿನ ಮೊಣಕಾಲಿನ ತನಕ ಕೆಂಪು ಬಳಿಯುತ್ತವೆ. ಅಪ್ಪಟ ಬಿಳಿಯಲ್ಲಿ ಅದು ಕಲೆಯಾಗಿ ಉಳಿಯುತ್ತದೆ. ಕಪ್ಪಿನಲ್ಲಿ ಧೂಳಿನ ಪದರ ಒಂದು ಗಂಟೆಯೊಳಗೆ ಎದ್ದು ಕಾಣುತ್ತದೆ. ಬೂದು, ಗೋಧಿ ಬಣ್ಣ, ತಿಳಿ ಹಸಿರು, ಮಾಸಲು ನೀಲಿ ಇವು ಈ ಮಣ್ಣಿನೊಂದಿಗೆ ಹೊಂದಿಕೊಳ್ಳುತ್ತವೆ. ಹಳೆಯ ಕೆಂಪು ಬಣ್ಣಗಳು ಬಿಸಿಲಿಗೆ ಬೇಗ ಕಳೆಗುಂದುತ್ತಿದ್ದುದನ್ನು ನೀವೆಲ್ಲ ಕಂಡಿದ್ದೀರಿ. ಇನ್ನೊಂದು ಮಾತು ಪೇಂಟರುಗಳೆಲ್ಲ ಹೇಳುವುದು. ಕಡು ಬಣ್ಣ ಹೊಳೆದಷ್ಟೂ ತಗಡಿನ ಅಂಕುಡೊಂಕನ್ನು ಬಯಲು ಮಾಡುತ್ತದೆ. ಜೀಪಿನ ಬದಿಗಳು ಚಪ್ಪಟೆ. ಕಪ್ಪು ಅಥವಾ ಕಡು ಕೆಂಪು ಹೊಡೆಸಬೇಕಾದರೆ ಟಿಂಕರಿಂಗ್ ಅಷ್ಟು ನಯವಾಗಿರಬೇಕು, ಇಲ್ಲದಿದ್ದರೆ ಪುಟ್ಟಿಯ ಮೇಲೆ ಪುಟ್ಟಿ ಬೀಳುತ್ತದೆ. ದಪ್ಪ ಪುಟ್ಟಿ ನಮ್ಮ ರಸ್ತೆಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ, ಬಿರುಕಿನೊಳಗೆ ನೀರು ಸೇರುತ್ತದೆ.

ತೋಟದ ಜೀಪಿಗೆ ಇನ್ನೆರಡು ಶತ್ರುಗಳಿವೆ. ಮೊದಲನೆಯದು ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಸಾಕೋ ಎಂದು ನೋಡಲು ಅದರಲ್ಲಿ ಕತ್ತಿ ಅದ್ದುವುದು ಎಲ್ಲ ಕೃಷಿಕರಿಗೂ ಗೊತ್ತು. ಕತ್ತಿಯ ಮೇಲೆ ತಾಮ್ರದ ಕಂದು ಹತ್ತಿದರೆ ಸುಣ್ಣ ಸಾಲದು. ಅದೇ ಕ್ರಿಯೆ ಜೀಪಿನ ಹಿಂದಿನ ಪ್ಲಾಟ್‌ಫಾರ್ಮಿನಲ್ಲೂ ನಡೆಯುತ್ತದೆ. ಮೈಲುತುತ್ತಿನ ನೀರು ಬರಿ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಎರಡನೆಯದು ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್. ಹಿಂಬದಿಯ ತಗಡು ತೂತಾದ ಜೀಪುಗಳ ಚರಿತ್ರೆ ಹೆಚ್ಚಾಗಿ ಇದೇ. ಆದ್ದರಿಂದ ಮೇಲಿನ ಬಣ್ಣಕ್ಕೆ ಖರ್ಚು ಮಾಡುವ ಮೊದಲು ತಳಕ್ಕೆ ಖರ್ಚು ಮಾಡಿ. ತುಕ್ಕನ್ನು ಬಿಳಿ ಕಬ್ಬಿಣ ಕಾಣುವ ತನಕ ತೆಗೆಸಿ, ಎಪಾಕ್ಸಿ ಪ್ರೈಮರ್ ಹಾಕಿಸಿ, ಪ್ಲಾಟ್‌ಫಾರ್ಮಿನ ಮೇಲೆ ರಬ್ಬರ್ ಮ್ಯಾಟು ಹಾಸಿ. ಜೀಪು ಮುಂದೆಯೂ ತೋಟದ ಕೆಲಸ ಮಾಡಬೇಕೆಂದಿದ್ದರೆ ಇದು ಕಡ್ಡಾಯ.

ಬಣ್ಣದ ಹೆಸರು ತೀರ್ಮಾನವಾದ ಮೇಲೆ ಬಣ್ಣದ ಜಾತಿ. ಇದೂ ಮುಖ್ಯವೇ. ಕಾರುಗಳ ಮೊದಲ ದಿನಗಳಲ್ಲಿ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. 1914ರಿಂದ 1925ರ ತನಕ ಫೋರ್ಡಿನ ಮಾಡೆಲ್ ಟಿ ಕಾರುಗಳು ಕಪ್ಪಾಗಿ ಮಾತ್ರ ಬಂದದ್ದಕ್ಕೆ ಕಪ್ಪು ಅಗ್ಗ, ಬಾಳಿಕೆ ಹೆಚ್ಚು ಎಂಬುದು ಕಾರಣ. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಬಂತು. ನೈಟ್ರೋಸೆಲ್ಯುಲೋಸಿನ ಈ ಬಣ್ಣ ಗಂಟೆಗಳಲ್ಲಿ ಒಣಗಿತು. ಮೊದಲು ಅದನ್ನು ಬಳಿದದ್ದು ಓಕ್‌ಲ್ಯಾಂಡ್ ಎಂಬ ಕಾರಿಗೆ, ನೀಲಿ ಬಣ್ಣದಲ್ಲಿ. ಬಣ್ಣಬಣ್ಣದ ಕಾರುಗಳ ಕಾಲ ಶುರುವಾದದ್ದು ಅಲ್ಲಿಂದ. ನಮ್ಮ ಕಡೆ ಗನ್ನಿನಿಂದ ಹೊಡೆದ ಬಣ್ಣಕ್ಕೆಲ್ಲ ಈಗಲೂ ಡ್ಯೂಕೋ ಎಂದೇ ಹೇಳುವ ರೂಢಿ ಇದೆ. ಆಮೇಲೆ ಸಿಂಥೆಟಿಕ್ ಎನಾಮಲ್ ಬಂತು, ಈಗ ಹಾರ್ಡನರ್ ಬೆರೆಸುವ ಪಿಯು, ಅಂದರೆ ಟೂಕೆ ಬಣ್ಣ.

ಗಟ್ಟಿತನದಲ್ಲಿ ಪಿಯುವಿಗೆ ಸಮ ಇಲ್ಲ, ನಮ್ಮ ಮಳೆಗೆ ಅದೇ ತಕ್ಕದ್ದು. ಆದರೆ ಅದರ ಹೊಳಪು ಗಾಜಿನಂಥದ್ದು. ಹಿಂದಿನ ಜೀಪುಗಳಲ್ಲಿ ಅಷ್ಟು ಹೊಳಪು ಎಂದೂ ಇರಲಿಲ್ಲ. ಹೊಳಪು ತಗ್ಗಿಸುವ ಪದಾರ್ಥ ಬೆರೆಸಿ ಹದ ಮಾಡಿಕೊಡಲು ಪೇಂಟರಿಗೆ ಹೇಳಿ. ಮೆಟಾಲಿಕ್ ಬಣ್ಣ ಮಾತ್ರ ಬೇಡವೇ ಬೇಡ. ಬೆಳ್ಳಿಯ ಪುಡಿಯಂತೆ ಮಿನುಗುವ ಬಣ್ಣ ಈ ಜೀಪುಗಳ ಒರಟು ಕೆಲಸಕ್ಕೆ ಹೊಂದುವಂಥದ್ದಲ್ಲ. ಗೀರು ಬಿದ್ದ ಒಂದು ಜಾಗಕ್ಕೆ ಮಾತ್ರ ಟಚಪ್ ಮಾಡಿದರೆ ಕಲೆ ಎದ್ದು ಕಾಣುತ್ತದೆ. ಸಾದಾ ಬಣ್ಣಕ್ಕೆ ಆ ತಾಪತ್ರಯ ಕಡಿಮೆ.

ಹಳೆಯ ಬಣ್ಣದ ತುಣುಕು ಕೈಯಲ್ಲಿದ್ದರೆ ಮಂಗಳೂರಿನಂಥ ನಗರದ ದೊಡ್ಡ ಪೇಂಟಿನ ಅಂಗಡಿಗಳಲ್ಲಿ ಯಂತ್ರಕ್ಕೆ ತೋರಿಸಿ ಫಾರ್ಮುಲಾ ಪಡೆಯಬಹುದು. ತೋರಿಸುವ ಮೊದಲು ಆ ತುಣುಕನ್ನು ರಬ್ಬಿಂಗ್ ಕಾಂಪೌಂಡಿನಿಂದ ಚೆನ್ನಾಗಿ ತಿಕ್ಕಿ ಒಳಗಿನ ನಿಜ ಬಣ್ಣ ಹೊರಗೆ ತರಬೇಕು, ಇಲ್ಲದಿದ್ದರೆ ಯಂತ್ರ ಕಳೆಗುಂದಿದ ಬಣ್ಣವನ್ನೇ ಅಳೆಯುತ್ತದೆ. ಯಂತ್ರ ಕೊಟ್ಟದ್ದನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ಒಂದು ತಗಡಿನ ತುಂಡಿಗೆ ಅದೇ ಪ್ರೈಮರ್, ಅದೇ ಗನ್ನಿನಿಂದ ಹೊಡೆಸಿ ಮನೆಗೆ ತನ್ನಿ. ಬೆಳಿಗ್ಗೆ, ನಡುಹಗಲು, ಸಂಜೆ ಅಂಗಳದಲ್ಲಿ ಇಟ್ಟು ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಎರಡು ನೀಲಿಗಳು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದುಂಟು. ಚಿಕ್ಕ ಚೌಕದಲ್ಲಿ ಹಿತವಾದ ಬಣ್ಣ ಇಡೀ ಬಾನೆಟ್ಟಿನ ಅಗಲಕ್ಕೆ ಹರಡಿದಾಗ ಹೆಚ್ಚು ಪ್ರಖರವಾಗಿ ಕಾಣುತ್ತದೆ.

ಬಣ್ಣದ ನಿರ್ಧಾರ ಕೊನೆಗೆ ಎಂದು ಮುಂದೂಡುವವರು ಇದ್ದಾರೆ. ನುರಿತ ಪೇಂಟರ್ ಅದಕ್ಕೆ ಒಪ್ಪುವುದಿಲ್ಲ. "ಮೊದಲೇ ಹೇಳಿ ಮಾರಾಯ್ರೆ, ಎಂಜಿನ್ ಕೂರಿಸಿದ ಮೇಲೆ ಬಾನೆಟ್ಟಿನ ಒಳಗೆ ಗನ್ನು ಹೋಗುವುದು ಹೇಗೆ?" ಎಂದು ಕೇಳುತ್ತಾರೆ. ಬಣ್ಣ ಬದಲಿಸುವುದಾದರೆ ಫೈರ್‌ವಾಲ್, ಸೀಟಿನಡಿ, ಮಡ್‌ಗಾರ್ಡಿನ ಒಳಮೈ ಎಲ್ಲಕ್ಕೂ ಹೊಡೆಯಬೇಕು. ಹೊರಗೊಂದು ಒಳಗೊಂದು ಬಣ್ಣ ಉಳಿದರೆ ಕೆಲಸ ಅರ್ಧವಾದಂತೆ.

ಅಂಬಾಸಿಡರ್, ಪದ್ಮಿನಿ ಕಾರುಗಳಿಗೂ ಇದೇ ವಿಚಾರ ಹೊಂದುತ್ತದೆ. 1950ರ ದಶಕದ ಕೊನೆಯಿಂದ 2014ರ ತನಕ ಉತ್ತರಪಾರಾದ ಕಾರ್ಖಾನೆಯಿಂದ ಬಂದ ಅಂಬಾಸಿಡರನ್ನು ನಾವೆಲ್ಲ ಸರ್ಕಾರಿ ಬಿಳಿ ಎಂದು ಭಾವಿಸಿದ್ದೇವೆ. ಮನೆಯ ಕಾರುಗಳು ಬೇರೆ ಬಣ್ಣಗಳಲ್ಲೂ ಬಂದಿವೆ. ಬಾಗಿಲಿನ ಒಳಹೊದಿಕೆ ತೆಗೆಯದೆ ಬಿಳಿ ಹೊಡೆಸಬೇಡಿ. ಹಳೆಯ ಕಾರುಗಳನ್ನು ಜೋಪಾನ ಮಾಡಿದ ರೀತಿ ನೋಡಬೇಕೆಂದರೆ ನಮಗೆ ದೂರ ಹೋಗಬೇಕಿಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳ ಮ್ಯೂಸಿಯಂ ಇದೆ. ಅವರದೇ ಸಂಗ್ರಹದ 'ಪಯಣ' ಎಂಬ ಇನ್ನೊಂದು ಮ್ಯೂಸಿಯಂ ಶ್ರೀರಂಗಪಟ್ಟಣದ ಬಳಿ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಬೇರೆ ಬೇರೆ ದಶಕಗಳ ಕಾರುಗಳಲ್ಲಿ ಬಾಡಿಗೂ ಮಡ್‌ಗಾರ್ಡಿಗೂ ರಿಮ್ಮಿಗೂ ಬಣ್ಣ ಹೇಗೆ ಹೊಂದಿಸಿದ್ದರು ಎಂದು ನಿಧಾನವಾಗಿ ನೋಡಿ.

ಕಾಗದಪತ್ರದ ಬಗ್ಗೆ ಎರಡು ಮಾತು. ವಾಹನದ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ನೀವು ಆರಿಸಿದ ಬಣ್ಣ ಅದಕ್ಕಿಂತ ಬೇರೆಯಾದರೆ ಆರ್‌ಟಿಓ ಕಚೇರಿಗೆ ಅರ್ಜಿ ಕೊಟ್ಟು ಆರ್‌ಸಿ ತಿದ್ದಿಸಿಕೊಳ್ಳಬೇಕು. ಕೆಎ 21 ನಂಬರಿನವರಿಗೆ ಪುತ್ತೂರಿನಲ್ಲೇ ಕಚೇರಿ ಇದೆ. ವಿಮೆಯವರಿಗೂ ತಿಳಿಸಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶ ಬಂದಿದೆ. ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ಅವಧಿ 10 ವರ್ಷ. ಆದರೆ ಆ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಮೊದಲಾದವಕ್ಕೆ ಮಾತ್ರ. ತೋಟಕ್ಕೂ ಪೇಟೆಗೂ ಓಡಬೇಕಾದ ಜೀಪಿಗೆ ಅದು ಹೊಂದುವುದಿಲ್ಲ.

ಬಣ್ಣ ಹೊಡೆಸುವ ಕಾಲ ಯಾವುದೆಂದು ಕೇಳಿದರೆ ಜನವರಿಯಿಂದ ಮಾರ್ಚ್. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಖಂಡಿತ ಬೇಡ. ಥಿನ್ನರ್ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ, ಡ್ಯೂಕೋ ಬಣ್ಣ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಪಿಯುವಿನ ಹಾರ್ಡನರ್ ನೀರಿನ ಅಂಶದೊಂದಿಗೆ ಸೇರಿ ಸಣ್ಣ ಗುಳ್ಳೆ ಏಳುತ್ತದೆ. ಈ ಹಾರ್ಡನರಿನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಉಸಿರಿನಲ್ಲಿ ಹೋದರೆ ಅಸ್ತಮಾ ತರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಎಷ್ಟೋ ಪೇಂಟರುಗಳು ಮೂಗಿಗೆ ಬೈರಾಸು ಕಟ್ಟಿಕೊಂಡು ಇದನ್ನು ಹೊಡೆಯುತ್ತಾರೆ. ಬಟ್ಟೆ ಅದನ್ನು ತಡೆಯುವುದಿಲ್ಲ. ಒಳ್ಳೆಯ ಗ್ಯಾರೇಜುಗಳಲ್ಲಿ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇರುತ್ತದೆ, ಅಂಥ ಕಡೆಯೇ ಪಿಯು ಹೊಡೆಸಿ. ಅದಿಲ್ಲದ ಕಡೆ ಹಾರ್ಡನರ್ ಇಲ್ಲದ ಎನಾಮಲ್ ಹೊಡೆಸಿ, ಕಾರ್ಟ್ರಿಜ್ ಇರುವ ಮಾಸ್ಕೊಂದನ್ನು ನಿಮ್ಮ ಖರ್ಚಿನಲ್ಲೇ ಪೇಂಟರಿಗೆ ತಂದುಕೊಡಿ. ನಿಮ್ಮ ಜೀಪಿನ ಚೆಂದಕ್ಕಾಗಿ ಇನ್ನೊಬ್ಬರ ಎದೆ ಕೆಡಬಾರದು.

ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟು. ಜೀಪನ್ನು ಟಿಂಕರಿಂಗಿಗೆ ಬಿಡುವ ಮೊದಲು ಎಲ್ಲ ಮಗ್ಗುಲಿನಿಂದ ಫೋಟೋ ತೆಗೆಯಿರಿ. ಮನೆಯ ಹಿರಿಯರನ್ನು, ಹಿಂದೆ ಅದನ್ನು ಓಡಿಸಿದ ಡ್ರೈವರನ್ನು ಕರೆದು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಬಣ್ಣದ ಬಳೆಗಳು ಕಾಣುವಂತೆ ಉಜ್ಜಿದ ಒಂದು ಅಂಗೈಯಷ್ಟು ಜಾಗವನ್ನು ಎದ್ದು ಕಾಣದ ಕಡೆ ಹಾಗೆಯೇ ಬಿಡಿಸಿ, ಅದರ ಮೇಲೆ ಹೊಸ ಬಣ್ಣ ಬೀಳದಂತೆ ಕಾಗದ ಅಂಟಿಸಿ. ಮುಂದೆ ಇದೇ ಕೆಲಸಕ್ಕೆ ಕೈಹಾಕುವವರಿಗೆ ಅದು ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಬಣ್ಣದಲ್ಲಿ ಅರ್ಧ ಲೀಟರ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೆಗೆದಿಡಿ, ಫಾರ್ಮುಲಾ ಬರೆದ ಚೀಟಿಯನ್ನು ಆರ್‌ಸಿಯ ಜೊತೆಗೆ ಇಡಿ.